ಕ್ಯಾಪ್ಟನ್ ಪೈಕ್ ಕುರಿತ ನಿಮ್ಮ ಲೇಖನದ ಬಗ್ಗೆ

ಪ್ರಿಯರೇ,

‘ಪೈಕ್‌ನನ್ನು ಉಳಿಸಬಹುದೇ?’ ಎಂಬ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದೆ. ‘ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿಯ ನಾಯಕ ಕ್ಯಾಪ್ಟನ್ ಕ್ರಿಸ್ಟೋಫರ್ ಪೈಕ್‌ಗೆ ಕಾದಿರುವ ದುರಂತವನ್ನು ಸರಣಿಯ ಕಥೆಗಾರರು ತಪ್ಪಿಸಬೇಕೋ ಬೇಡವೋ ಎಂದು ಅಭಿಮಾನಿಗಳು ಕೆಲವು ವರ್ಷಗಳಿಂದ ನಡೆಸುತ್ತಿರುವ ವಾದವನ್ನು ಕನ್ನಡದ ಓದುಗರ ಮುಂದಿಡುವುದು ನಿಮ್ಮ ಉದ್ದೇಶ. ವಿಷಯ ಒಳ್ಳೆಯದು, ಅದರ ಬಗ್ಗೆ ನಿಮಗಿರುವ ಪ್ರೀತಿಯೂ ನಿಜವಾದದ್ದು. ಆದರೂ ಈಗಿರುವ ರೂಪದಲ್ಲಿ ಈ ಲೇಖನವನ್ನು ನಾವು ಪ್ರಕಟಿಸಲಾರೆವು. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ಈ ಲೇಖನವನ್ನು ತಿದ್ದಬಹುದು ಎಂದು ನನಗೆ ಅನ್ನಿಸಿದೆ.

ಮೊದಲು ನಿಮ್ಮ ಮೂರನೆಯ ಪುಟದ ಈ ವಾಕ್ಯವನ್ನೇ ನೋಡಿ: ‘ಕೆಲವು ಅಭಿಮಾನಿಗಳು ಪೈಕ್‌ನನ್ನು ಉಳಿಸಬೇಕೆನ್ನುತ್ತಾರೆ, ಇನ್ನು ಕೆಲವರು ಮೂಲ ಕಥೆಗೆ ನಿಷ್ಠರಾಗಿರಬೇಕೆನ್ನುತ್ತಾರೆ, ಇಬ್ಬರ ಮಾತಿನಲ್ಲೂ ಹುರುಳಿದೆ, ಕಾಲವೇ ಇದಕ್ಕೆ ಉತ್ತರಿಸಬೇಕು.’ ಕಾಲ ಇದಕ್ಕೆ 1966ರ ನವೆಂಬರ್‌ನಲ್ಲೇ ಉತ್ತರಿಸಿಬಿಟ್ಟಿದೆ. ಆ ತಿಂಗಳು ಪ್ರಸಾರವಾದ ಮೂಲ ‘ಸ್ಟಾರ್ ಟ್ರೆಕ್’ ಸರಣಿಯ ‘ದ ಮೆನಾಜರಿ’ ಎಂಬ ಎರಡು ಭಾಗದ ಕಂತಿನಲ್ಲಿ ಪೈಕ್ ಏನಾಗುತ್ತಾನೆಂಬುದನ್ನು ಪ್ರೇಕ್ಷಕರು ಕಂಡಿದ್ದಾರೆ. ಕೆಡೆಟ್‌ಗಳ ತರಬೇತಿ ಹಡಗಿನಲ್ಲಿ ವಿಕಿರಣ ಸೋರಿದಾಗ ಒಳಗೆ ನುಗ್ಗಿ, ಜೀವ ಉಳಿದಿದ್ದ ಹುಡುಗರನ್ನು ಹೊರತಂದ ಆತ, ಮುಖವೆಲ್ಲ ಸುಟ್ಟು, ಮಾತೂ ಚಲನೆಯೂ ನಿಂತು, ಒಂದು ಗಾಲಿಕುರ್ಚಿಯೊಳಗೆ ಸೆರೆಯಾಗುತ್ತಾನೆ. ಕುರ್ಚಿಯ ದೀಪ ಒಮ್ಮೆ ಮಿನುಗಿದರೆ ‘ಹೌದು’, ಎರಡು ಸಲ ಮಿನುಗಿದರೆ ‘ಇಲ್ಲ’. ಅದಕ್ಕಿಂತ ಹೆಚ್ಚಿನ ಮಾತು ಅವನಿಗಿಲ್ಲ. ಇಷ್ಟನ್ನು ನಿಮ್ಮ ಲೇಖನ ಮೊದಲ ಪುಟದಲ್ಲೇ ಹೇಳಬೇಕಿತ್ತು. ನೀವು ಅದನ್ನು ಎಲ್ಲರಿಗೂ ಗೊತ್ತಿರುವ ಸಂಗತಿಯೆಂದು ಭಾವಿಸಿ, ‘ಆ ಕುರ್ಚಿ’ ಎಂದು ಮಾತ್ರ ಬರೆದಿದ್ದೀರಿ. ನಮ್ಮ ಓದುಗರಲ್ಲಿ ಬಹಳ ಮಂದಿ ಆ ಕಂತನ್ನು ನೋಡಿದವರಲ್ಲ.

ಎರಡನೆಯದಾಗಿ, ಪೈಕ್ ಪಾತ್ರವನ್ನು, ಮೂಲ ಸರಣಿಯ ನಾಯಕನಾದ ‘ಕರ್ಕ್‌ನ ಹಿನ್ನೆಲೆಗಾಗಿ ಇತ್ತೀಚೆಗೆ ಸೃಷ್ಟಿಸಿದ್ದು’ ಎಂದು ಬರೆದಿದ್ದೀರಿ. ಅದು ತಪ್ಪು ಮಾತ್ರವಲ್ಲ, ನಿಮ್ಮ ಲೇಖನಕ್ಕೆ ದಕ್ಕಬಹುದಾಗಿದ್ದ ಅತ್ಯಂತ ಸ್ವಾರಸ್ಯಕರ ಸಂಗತಿಯನ್ನು ಕೈತಪ್ಪಿಸಿದ ತಪ್ಪು. ಪೈಕ್ ಕರ್ಕ್‌ಗಿಂತ ಹಿರಿಯ, ಕಥೆಯಲ್ಲೂ ಹೌದು, ಸ್ಟುಡಿಯೋದ ಕಡತದಲ್ಲೂ ಹೌದು. 1964ರ ಕೊನೆಯಲ್ಲಿ ಜೆಫ್ರಿ ಹಂಟರ್ ಅವರನ್ನು ಪೈಕ್ ಪಾತ್ರಕ್ಕೆ ಹಾಕಿಕೊಂಡು ‘ದ ಕೇಜ್’ ಎಂಬ ಮೊದಲ ಪೈಲಟ್ (ವಾಹಿನಿಗೆ ತೋರಿಸಲು ಮಾಡುವ ಮಾದರಿ ಕಂತು) ಚಿತ್ರೀಕರಿಸಲಾಯಿತು. ಎನ್‌ಬಿಸಿ ವಾಹಿನಿ ಅದನ್ನು ಒಪ್ಪದೆ ಇನ್ನೊಂದು ಪೈಲಟ್ ಮಾಡಿಕೊಡುವಂತೆ ಕೇಳಿತು, ಆಗ ಬಂದವನು ವಿಲಿಯಂ ಶಾಟ್ನರ್ ಅವರ ಕರ್ಕ್. ಸರಣಿ ಪ್ರಸಾರವಾಗತೊಡಗಿದ ಮೇಲೆ ಹೊಸ ಕಂತುಗಳು ಸಮಯಕ್ಕೆ ಸಿದ್ಧವಾಗದೆ, ಮೂಲೆಗೆ ಬಿದ್ದಿದ್ದ ಆ ಹಳೆಯ ಪೈಲಟ್ಟಿನ ದೃಶ್ಯಗಳನ್ನು ಬಳಸಿಕೊಳ್ಳಲು ಅವುಗಳ ಸುತ್ತ ಒಂದು ಹೊಸ ಕಥೆ ಹೆಣೆದರು, ಅದೇ ‘ದ ಮೆನಾಜರಿ’. ಹಂಟರ್ ಅವರು ಹೊಸ ದೃಶ್ಯಗಳಿಗೆ ಇರಲಿಲ್ಲ. ಹಾಗಾಗಿ ಶಾನ್ ಕೆನ್ನಿ ಎಂಬ ಬೇರೊಬ್ಬ ನಟನ ಮುಖಕ್ಕೆ ಸುಟ್ಟಗಾಯದ ಮೇಕಪ್ ಹಚ್ಚಿ, ಮಾತಿಲ್ಲದ ಪಾತ್ರವಾಗಿಸಿ ಕುರ್ಚಿಯಲ್ಲಿ ಕೂರಿಸಿದರು. (ಕುರ್ಚಿಯಲ್ಲಿರುವವರು ಹಂಟರ್ ಎಂದು ನೀವು ಬರೆದಿದ್ದೀರಿ, ಅದನ್ನೂ ತಿದ್ದಿ.) ಅಭಿಮಾನಿಗಳು ಇಂದು ಕಣ್ಣೀರಿಟ್ಟು ಚರ್ಚಿಸುವ ಈ ವಿಧಿ, ಬಿಡುವಿಲ್ಲದ ಒಂದು ನಿರ್ಮಾಣ ವಿಭಾಗ ತನ್ನ ತೊಡಕನ್ನು ಬಿಡಿಸಿಕೊಂಡ ಬಗೆ. ಆ ಕಂತಿಗೆ 1967ರಲ್ಲಿ, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ‘ದ ಕೇಜ್’ ಇಡಿಯಾಗಿ ಟಿವಿಯಲ್ಲಿ ಬಂದದ್ದು 1988ರಲ್ಲಿ, ಹಂಟರ್ ತೀರಿಕೊಂಡು 19 ವರ್ಷಗಳಾದ ಮೇಲೆ.

ಇನ್ನು ವಾದದ ವಿಷಯ. ಅಭಿಮಾನಿಗಳ ಅಭಿಪ್ರಾಯಗಳನ್ನು ಒಂದರ ಕೆಳಗೊಂದು ಜೋಡಿಸಿದ್ದೀರಿ, ಆದರೆ ಅವರೆಲ್ಲ ಒಂದೇ ಪ್ರಶ್ನೆಗೆ ಉತ್ತರಿಸುತ್ತಿಲ್ಲ ಎಂಬುದನ್ನು ಗಮನಿಸಿಲ್ಲ. ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿಯ ಎರಡನೆಯ ಸೀಸನ್‌ನಲ್ಲಿ, ಕಾಲಯಾನ ಮಾಡಿ ಇತಿಹಾಸವನ್ನೇ ಬದಲಿಸಲು ನಡೆಸುವ ಯುದ್ಧಗಳಿಂದಾಗಿ ಇತಿಹಾಸದ ಕೆಲವು ಘಟನೆಗಳು ಜಾಗ ಬದಲಿಸಿವೆ ಎಂಬ ಮಾತು ಬರುತ್ತದೆ. ಸ್ಟಾರ್ ಟ್ರೆಕ್‌ನ ಹೆಸರಾಂತ ಖಳ ಖಾನ್‌ನ ಕಾಲವೇ ಸರಿದಿರುವಾಗ ಪೈಕ್‌ನ ಅಪಘಾತವೂ ಸರಿಯಬಾರದೇಕೆ ಎಂದು ಕೇಳುವವನು ಕಥೆಯ ನಿಯಮಗಳ ಬಗ್ಗೆ ಕೇಳುತ್ತಿದ್ದಾನೆ. ಆನ್ಸನ್ ಮೌಂಟ್ ಅವರ ನಗುಮುಖದ, ಸಹೋದ್ಯೋಗಿಗಳಿಗೆ ತಾನೇ ಅಡುಗೆ ಮಾಡಿ ಬಡಿಸುವ ಪೈಕ್‌ನನ್ನು ಮೆಚ್ಚಿಕೊಂಡು ‘ಇವನಿಗೆ ಹೀಗಾಗಬಾರದು’ ಎನ್ನುವವಳು ಪ್ರೀತಿಯ ಬಗ್ಗೆ ಹೇಳುತ್ತಿದ್ದಾಳೆ. ಆ ಕುರ್ಚಿಯ ಬದುಕನ್ನು ಸಾವಿಗಿಂತ ಕಡೆ ಎಂಬಂತೆ ತೋರಿಸಿದ್ದೇ ಸರಿಯಲ್ಲ ಎನ್ನುವ ಮೂರನೆಯವರು ಅಂಗವೈಕಲ್ಯವನ್ನು ನಾವು ಹೇಗೆ ಕಾಣುತ್ತೇವೆಂದು ಕೇಳುತ್ತಿದ್ದಾರೆ. ಈ ಮೂರನ್ನೂ ‘ಪರ’, ‘ವಿರೋಧ’ ಎಂಬ ಎರಡು ಗೂಡುಗಳಿಗೆ ತುಂಬಿದ್ದರಿಂದಲೇ ನಿಮ್ಮ ಲೇಖನ ಎಲ್ಲಿಯೂ ನೆಲೆ ನಿಲ್ಲುವುದಿಲ್ಲ.

ಮೂರನೆಯ ಪ್ರಶ್ನೆಗೆ ನೀವು ಕೊಟ್ಟಿರುವುದು ಎರಡೇ ಸಾಲು. ಅದು ಬೆಳೆಯಬೇಕು. 1966ರವರು 23ನೇ ಶತಮಾನದ ವೈದ್ಯಕೀಯವನ್ನು ಊಹಿಸಿದಾಗ ಅವರಿಗೆ ಹೊಳೆದದ್ದು ಒಂದು ಮಿನುಗುದೀಪ. ಸ್ಟೀಫನ್ ಹಾಕಿಂಗ್ 1985ರಲ್ಲಿ ದನಿ ಕಳೆದುಕೊಂಡ ಮೇಲೆ, ಕೈಯಲ್ಲಿ ಒಂದು ಸ್ವಿಚ್ ಒತ್ತಿ ಕಂಪ್ಯೂಟರಿನಿಂದ ಪದ ಆರಿಸುತ್ತ ಭಾಷಣ ಮಾಡಿದರು, ಪುಸ್ತಕ ಬರೆದರು. 1993ರಲ್ಲಿ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ನ ಒಂದು ಕಂತಿನಲ್ಲಿ ಐನ್‌ಸ್ಟೈನ್ ಮತ್ತು ನ್ಯೂಟನ್ ಪಾತ್ರಗಳ ಜೊತೆ ಇಸ್ಪೀಟಾಡುವ ಹಾಕಿಂಗ್ ಆಗಿ ಸ್ವತಃ ಕಾಣಿಸಿಕೊಂಡರು. ಪೈಕ್‌ನ ದುರಂತದಲ್ಲಿ ಅಪಘಾತದ ಪಾಲೆಷ್ಟು, ಅವನ ಸುತ್ತಲಿನವರು ಅವನಿಗೆ ಮಾತಿನ ದಾರಿ ಮಾಡಿಕೊಡದ ಪಾಲೆಷ್ಟು ಎಂದು ಕೇಳಲು ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ನೀವು ಯಾವ ಪಕ್ಷವನ್ನಾದರೂ ಹಿಡಿಯಿರಿ, ಆದರೆ ಒಂದನ್ನು ಹಿಡಿಯಿರಿ. ಹಿಡಿಯುವ ಮುನ್ನ ನಾಲ್ಕು ದೃಶ್ಯಗಳನ್ನು ಮತ್ತೆ ನೋಡಿ, ಪ್ರತಿಯೊಂದರಲ್ಲೂ ‘ಇಲ್ಲಿ ಯಾರ ಒಪ್ಪಿಗೆಯನ್ನು ಯಾರು ಕೇಳಿದರು?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ‘ದ ಮೆನಾಜರಿ’ಯಲ್ಲಿ ಕರ್ಕ್‌ನ ಹಡಗಿನ ಅಧಿಕಾರಿ ಸ್ಪಾಕ್ ತನ್ನ ಹಳೆಯ ನಾಯಕ ಪೈಕ್‌ನ ಕೋಣೆಗೆ ಬಂದು, ಹಡಗನ್ನು ಅಪಹರಿಸಿ ನಿಷೇಧಿತ ಟೇಲೋಸ್ ಗ್ರಹಕ್ಕೆ ಕರೆದೊಯ್ಯುವ ಯೋಜನೆಯನ್ನು ಹೇಳುತ್ತಾನೆ. ಅಲ್ಲಿಗೆ ಹೋದವರಿಗೆ ಮರಣದಂಡನೆ. ದೀಪ ಎರಡು ಸಲ ಮಿನುಗುತ್ತದೆ. ಮತ್ತೆ ಎರಡು ಸಲ. ಪೈಕ್ ಸ್ಪಷ್ಟವಾಗಿ ‘ಇಲ್ಲ’ ಎನ್ನುತ್ತಿದ್ದಾನೆ, ಸ್ಪಾಕ್ ಮುಂದುವರಿಯುತ್ತಾನೆ. ಕಂತಿನ ಕೊನೆಯಲ್ಲಷ್ಟೇ ಕರ್ಕ್ ಅವನನ್ನು ನೇರವಾಗಿ ಕೇಳುತ್ತಾನೆ, ಆಗ ದೀಪ ಒಮ್ಮೆ ಮಿನುಗುತ್ತದೆ. ಇಷ್ಟು ದೊಡ್ಡ ಸಂಗತಿ ನಿಮ್ಮ ಲೇಖನದಲ್ಲಿಲ್ಲ. ‘ಸ್ಪಾಕ್ ಪೈಕ್‌ನ ಆಸೆಯಂತೆ ಅವನನ್ನು ಕರೆದೊಯ್ಯುತ್ತಾನೆ’ ಎಂಬ ನಿಮ್ಮ ವಾಕ್ಯ ದೃಶ್ಯಕ್ಕೆ ನೇರ ವಿರುದ್ಧವಾಗಿದೆ.

2019ರ ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಸರಣಿಯ ಎರಡನೆಯ ಸೀಸನ್‌ನಲ್ಲಿ, ಬೋರೆತ್ ಎಂಬಲ್ಲಿನ ಕ್ಲಿಂಗನ್ ಎಂಬ ಅನ್ಯಗ್ರಹ ಜನಾಂಗದ ಮಠದಲ್ಲಿ, ಭವಿಷ್ಯವನ್ನು ತೋರುವ ಕಾಲಸ್ಫಟಿಕವನ್ನು ಮುಟ್ಟಿದ ಪೈಕ್ ತನ್ನ ಸುಟ್ಟ ಮುಖವನ್ನು ತಾನೇ ಎದುರಿನಿಂದ ಕಂಡು ಚೀರುತ್ತಾನೆ. ಸ್ಫಟಿಕವನ್ನು ಇಲ್ಲೇ ಬಿಟ್ಟು ಹೋದರೆ ಈ ಭವಿಷ್ಯ ತಪ್ಪಬಹುದು, ಒಯ್ದರೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ ಎಂದು ಕಾವಲಿನವನು ಎಚ್ಚರಿಸುತ್ತಾನೆ. ಪೈಕ್ ತಾನು ಯಾರೆಂಬುದನ್ನು ತನಗೇ ನೆನಪಿಸಿಕೊಂಡು, ಕೈ ಚಾಚಿ ಅದನ್ನು ತೆಗೆದುಕೊಳ್ಳುತ್ತಾನೆ. ಇಲ್ಲಿ ಕೇಳಿದ್ದಾರೆ, ಅವನು ಉತ್ತರಿಸಿದ್ದಾನೆ. ಅವನನ್ನು ಉಳಿಸಲೇಬೇಕೆಂದು ಹಟ ಹಿಡಿಯುವ ಅಭಿಮಾನಿಗಳು ಈ ಉತ್ತರವನ್ನು ಏನು ಮಾಡುತ್ತಾರೆ? ಅವರೂ ಸ್ಪಾಕ್‌ನ ಹಾಗೆ ದೀಪ ಎಷ್ಟು ಸಲ ಮಿನುಗಿತೆಂದು ನೋಡದೆ ಮುಂದುವರಿಯುತ್ತಿದ್ದಾರೆಯೇ? ನಿಮ್ಮ ಲೇಖನ ನಿಲ್ಲಬೇಕಾದ ಜಾಗ ಇದೆಂದು ನನ್ನ ಅಭಿಪ್ರಾಯ.

‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನ 2022ರ ಮೊದಲ ಸೀಸನ್‌ನ ಕೊನೆಯ ಕಂತು, ‘ಅ ಕ್ವಾಲಿಟಿ ಆಫ್ ಮರ್ಸಿ’, ಇದಕ್ಕೂ ಜಟಿಲ. ಮುಂದೆ ಆ ಅಪಘಾತದಲ್ಲಿ ಸಾಯಲಿರುವ ಹುಡುಗನೊಬ್ಬ ಪೈಕ್‌ನ ಎದುರಿಗೇ ಬಂದು, ಮೆಚ್ಚುಗೆ ತುಂಬಿದ ಕಣ್ಣುಗಳಿಂದ ಅವನನ್ನು ನೋಡುತ್ತಾನೆ. ಪೈಕ್ ಎಚ್ಚರಿಕೆಯ ಪತ್ರ ಬರೆಯಲು ಕೂರುತ್ತಾನೆ. ಆಗ ಭವಿಷ್ಯದಿಂದ ಬಂದ, ಅಡ್ಮಿರಲ್ ಆಗಿರುವ ಮುದಿ ಪೈಕ್, ಆ ಪತ್ರ ಹೋದರೆ ರಾಮ್ಯುಲನ್ನರೆಂಬ ಶತ್ರು ಜನಾಂಗದೊಡನೆ ಯುದ್ಧ ಹತ್ತುವುದನ್ನೂ ಸ್ಪಾಕ್ ನುಚ್ಚುನೂರಾಗುವುದನ್ನೂ ತೋರಿಸುತ್ತಾನೆ. ಪತ್ರ ಹೋಗುವುದಿಲ್ಲ. ಅಭಿಮಾನಿಗಳು ಇದನ್ನು ಪೈಕ್‌ನ ತ್ಯಾಗವೆಂದು ಹೊಗಳುತ್ತಾರೆ, ನೀವೂ ‘ಮಹಾತ್ಯಾಗ’ ಎಂದಿದ್ದೀರಿ. ಆದರೆ ಪೈಕ್ ತನ್ನ ದೇಹವನ್ನು ಮಾತ್ರ ಕೊಡುತ್ತಿಲ್ಲ, ಆ ಹುಡುಗನ ಜೀವವನ್ನೂ ಕೊಡುತ್ತಿದ್ದಾನೆ, ಹುಡುಗನನ್ನು ಯಾರೂ ಕೇಳಲಿಲ್ಲ. ನನಗೆ ಈ ಕಂತು ಬೋರೆತ್‌ನ ದೃಶ್ಯದ ಮುಂದೆ ಸಪ್ಪೆಯಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಸ್ವಭಾವದಿಂದ ಹುಟ್ಟಿದ ನಿರ್ಧಾರವನ್ನು ಇಲ್ಲಿ ಲಾಭನಷ್ಟದ ಲೆಕ್ಕವಾಗಿಸಿದ್ದಾರೆ. ನೀವು ಒಪ್ಪಬೇಕೆಂದಿಲ್ಲ. ಒಪ್ಪದಿದ್ದರೆ ಯಾಕೆಂದು ಬರೆಯಿರಿ, ಅದೇ ಲೇಖನವಾಗುತ್ತದೆ.

ನಾಲ್ಕನೆಯದು 2025ರ ಮೂರನೆಯ ಸೀಸನ್‌ನ ಕೊನೆಯ ಕಂತು. ಅಲ್ಲಿ ಪೈಕ್ ಮತ್ತು ಅವನ ಪ್ರೇಯಸಿ ಮೇರಿ ಬಟೆಲ್ ಮದುವೆ, ಮಗಳು, ಮುಪ್ಪು ಎಲ್ಲವನ್ನೂ ಒಳಗೊಂಡ ಒಂದು ಇಡೀ ಬಾಳನ್ನು ಕ್ಷಣಗಳಲ್ಲಿ ಬಾಳುತ್ತಾರೆ, ಎಚ್ಚೆತ್ತಾಗ ಅದು ಇರುವುದಿಲ್ಲ. ಟೇಲೋಸ್ ಗ್ರಹದವರು ಪೈಕ್‌ಗೆ ಕೊಡುವುದೂ ಇಂಥದೇ ಭ್ರಮೆಯ ಬಾಳು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಥೆಗಾರರು ಅಭಿಮಾನಿಗಳ ವಾದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರಿಸುತ್ತಿರುವುದು ಕಾಣುತ್ತದೆ. ನೀವು ಈ ಕಂತನ್ನು ‘ಭಾವುಕ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ.

ಕರ್ಣನ ವಿಷಯಕ್ಕೆ ಬರುತ್ತೇನೆ. ಲೇಖನದ ಮೊದಲ ಎರಡು ಪುಟಗಳನ್ನು ಪೈಕ್ ಮತ್ತು ಕರ್ಣರ ಹೋಲಿಕೆಗೆ ಮೀಸಲಿಟ್ಟಿದ್ದೀರಿ. ಹೋಲಿಕೆ ಹೊಳೆದದ್ದು ಸಹಜ. ತಾಳಮದ್ದಳೆಗೆ ಹೋಗಿ ಕೂರುವವರಿಗೆ ಕರ್ಣ ಉಳಿಯುವುದಿಲ್ಲವೆಂದು ಗೊತ್ತಿದ್ದೂ, ಆ ರಾತ್ರಿಯ ಅರ್ಥಧಾರಿ ಅವನಿಂದ ಏನು ಆಡಿಸುತ್ತಾನೆಂದು ಕೇಳಲು ನಿದ್ದೆಗೆಡುತ್ತಾರೆ. ಮುಗಿವು ಗೊತ್ತಿರುವ ಕಥೆಯನ್ನು ಯಾಕೆ ನೋಡಬೇಕೆಂಬ ಪ್ರಶ್ನೆಗೆ ಅಷ್ಟೇ ಸಾಕು. ಅದನ್ನೇ ಎರಡು ಪುಟ ಎಳೆದಾಗ ಇಬ್ಬರ ನಡುವಿನ ವ್ಯತ್ಯಾಸ ಮರೆಯಾಗುತ್ತದೆ. ಕೃಷ್ಣ ಗುಟ್ಟು ಬಿಚ್ಚಿದ ಮೇಲೂ ಕರ್ಣ ಕೌರವನನ್ನು ಬಿಡದಿರುವುದು ಹಿಂದಿನ ಋಣಕ್ಕಾಗಿ, ಬೋರೆತ್‌ನ ಪೈಕ್‌ಗೆ ಅಂಥ ಋಣ ಯಾರದೂ ಇಲ್ಲ. ಹೋಲಿಕೆಯನ್ನು ಉಳಿಸಿಕೊಳ್ಳುವುದಾದರೆ ಒಂದು ಪ್ಯಾರಾಕ್ಕೆ ಇಳಿಸಿ, ವ್ಯತ್ಯಾಸವನ್ನೂ ಸೇರಿಸಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ರೋಮಾಂಚನಕಾರಿ’, ‘ಅದ್ಭುತ’, ‘ಮೈನವಿರೇಳಿಸುವ’ ಎಂಬ ವಿಶೇಷಣಗಳನ್ನು ಹುಡುಕಿ ತೆಗೆದುಹಾಕಿ, ಆ ಜಾಗದಲ್ಲಿ ದೃಶ್ಯದಲ್ಲಿ ನಡೆದದ್ದನ್ನು ಬರೆಯಿರಿ. 2013ರ ಸಿನಿಮಾದಲ್ಲಿ ಬ್ರೂಸ್ ಗ್ರೀನ್‌ವುಡ್ ಅವರ ಪೈಕ್ ಸಾಯುವುದನ್ನು ಪುರಾವೆಯಾಗಿ ತಂದಿರುವ ಭಾಗವನ್ನು ಕೈಬಿಡಿ. ಅದು ಬೇರೆಯೇ ಕಾಲರೇಖೆಯ ಕಥೆ, ಇಲ್ಲಿ ವಾದವನ್ನು ಗೊಂದಲಗೊಳಿಸುತ್ತದೆಯೇ ಹೊರತು ಬಲಪಡಿಸುವುದಿಲ್ಲ. ಐದನೆಯ ಸೀಸನ್‌ನ 6 ಕಂತುಗಳೊಂದಿಗೆ ಸರಣಿ ಮುಗಿಯುತ್ತದೆಂದು 2025ರ ಜೂನ್‌ನಲ್ಲಿ ಪ್ರಕಟಿಸಿರುವುದರಿಂದ, ‘ಮುಂದಿನ ಹಲವು ಸೀಸನ್‌ಗಳಲ್ಲಿ ತಿಳಿಯಲಿದೆ’ ಎಂಬ ಸಾಲನ್ನೂ ಬದಲಿಸಬೇಕಾಗುತ್ತದೆ.

ತಿದ್ದಿದ ಪ್ರತಿ 1500 ಪದಗಳನ್ನು ಮೀರದಿರಲಿ. ಮೊದಲ ಪ್ಯಾರಾದಲ್ಲಿ, ಇದು ಮುಂದಿನ ಕಥೆಯನ್ನು ಬಿಟ್ಟುಕೊಡುವ ಲೇಖನವೆಂದು ಓದುಗರಿಗೆ ತಿಳಿಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ನುಡಿ ಕಡತವನ್ನು ಪರಿವರ್ತಿಸುವಾಗ ಒತ್ತಕ್ಷರಗಳು ಕೆಡುತ್ತವೆ, ನಿಮ್ಮ ಈಗಿನ ಪ್ರತಿಯಲ್ಲಿ ‘ಸ್ಪಾಕ್’ ಅರ್ಧ ಕಡೆ ‘ಸಾಪ್ಕ್’ ಆಗಿದ್ದಾನೆ. ಸರಣಿಯ ಚಿತ್ರಗಳನ್ನು ಕಳಿಸಬೇಡಿ, ಅವುಗಳ ಹಕ್ಕು ನಮಗೆ ಸಿಗುವುದಿಲ್ಲ.

ಇಂತಿ,
ಸಂಪಾದಕ