ಸಂಗೀತವನ್ನು ಎರಡನೆಯ ವರ್ಷಕ್ಕೆ ಮುಂದೂಡಬೇಡಿ

ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷದ ಸಂಗೀತ ಪದವಿಗೆ ಸೇರಿರುವ ತಾವು, ಇಂಗ್ಲಿಷ್, ಗಣಿತ ಮೊದಲಾದವನ್ನು ಮೊದಲ ವರ್ಷವೇ ಮುಗಿಸಿ ಸಂಗೀತವನ್ನು ಆಮೇಲೆ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮ್ಯೂಸಿಕ್ ಥಿಯರಿ (ಪಾಶ್ಚಾತ್ಯ ಸಂಗೀತದ ಶಾಸ್ತ್ರ) ಮತ್ತು ಅದರ ಜೊತೆಗೆ ಸಾಗುವ, ಸ್ವರ-ಲಯಗಳನ್ನು ಕೇಳಿ ಗುರುತಿಸುವ ಶ್ರವಣಾಭ್ಯಾಸದ ತರಗತಿಗಳು ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್‌ಗಳಿಗೆ ಹಂಚಿಹೋಗಿರುತ್ತವೆ. ಒಂದರಲ್ಲಿ ತೇರ್ಗಡೆಯಾಗದೆ ಮುಂದಿನದಕ್ಕೆ ಪ್ರವೇಶವಿರುವುದಿಲ್ಲ, ಚಿಕ್ಕ ಕಾಲೇಜುಗಳಲ್ಲಿ ಮೊದಲ ಭಾಗವನ್ನು ವರ್ಷಕ್ಕೊಮ್ಮೆ ಮಾತ್ರ ನಡೆಸುವುದೂ ಉಂಟಾದ್ದರಿಂದ, ಒಮ್ಮೆ ತಪ್ಪಿದರೆ ಇಡೀ ವರ್ಷವೇ ಹೋಗಬಹುದು. ತಮ್ಮ ವಾದ್ಯವಾದ ಪಿಟೀಲಿನ ವೈಯಕ್ತಿಕ ಪಾಠ ಹಾಗೂ ವಾದ್ಯವೃಂದವನ್ನೂ ಪ್ರತಿ ಸೆಮಿಸ್ಟರ್‌ನಲ್ಲಿ ಇಟ್ಟುಕೊಳ್ಳಿ. ಪದವಿಗೆ ಬೇಕಾದ ಒಟ್ಟು 60 ಯೂನಿಟ್‌ಗಳಲ್ಲಿ (ಯೂನಿಟ್ ಎಂದರೆ ತರಗತಿಗಳನ್ನು ಲೆಕ್ಕ ಹಾಕುವ ಅಳತೆ) ಉಳಿದವಕ್ಕೆ ಬೇಸಿಗೆಯ ತರಗತಿಗಳೂ ಒದಗುತ್ತವೆ. ಕರ್ನಾಟಕ ಸಂಗೀತದ ಅಭ್ಯಾಸವಿರುವ ತಮಗೆ ಶ್ರುತಿ, ಲಯ ತೊಡಕಾಗಲಾರವು. ಹಲವು ಸ್ವರಗಳನ್ನು ಒಟ್ಟಿಗೆ ಕೇಳಿ ಗುರುತಿಸುವ ಹಾರ್ಮನಿಯೇ ಕಷ್ಟವಾದೀತು, ಆದ್ದರಿಂದ ಪಿಯಾನೊ ತರಗತಿಯನ್ನು ಮೊದಲ ಸೆಮಿಸ್ಟರ್‌ನಲ್ಲೇ ಸೇರಿಸಿಕೊಳ್ಳಿ.