ನರ್ಸಿಂಗ್ ಪ್ರಶ್ನೋತ್ತರ: ಕಟ್ಟುವ ಮೊದಲು ಕಾರಣ ಹುಡುಕಿ

ಪ್ರಶ್ನೆ: ಮನೋರೋಗ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ ಮೂವತ್ತು ರೋಗಿಗಳಿಗೆ ನಾವಿಬ್ಬರೇ. ಯಾರಾದರೂ ಎದ್ದು ಓಡಾಡಿದರೆ ‘ಮಂಚಕ್ಕೆ ಕಟ್ಟಿಬಿಡಿ, ಬೆಳಿಗ್ಗೆ ಡಾಕ್ಟರ್ ಸಹಿ ಹಾಕುತ್ತಾರೆ’ ಎನ್ನುತ್ತಾರೆ. ಹಾಗೆ ಮಾಡಬಹುದೇ?
– ಓದುಗರು, ದೇರಳಕಟ್ಟೆ

ಉತ್ತರ: ಮಾಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಇದನ್ನು ಬಿಡಿಸಿ ಹೇಳಿದೆ. ರೋಗಿಗೋ ಬೇರೆಯವರಿಗೋ ಆ ಕ್ಷಣದಲ್ಲೇ ಅಪಾಯವಿದ್ದು, ಅದನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಅದಕ್ಕೂ ಉಸ್ತುವಾರಿ ಮನೋವೈದ್ಯರ ಅನುಮತಿ ಬೇಕು. ಶಿಕ್ಷೆಗೆಂದು, ಹೆದರಿಸಲೆಂದು, ಸಿಬ್ಬಂದಿ ಸಾಲದೆಂದು ಕಟ್ಟುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದಂತೂ ನಿಷಿದ್ಧ. ಕಟ್ಟಿದ ಪ್ರತಿ ಸಲವೂ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು, ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು.

ಮೊದಲು ನೋಡಬೇಕಾದದ್ದು ಆತ ಏಕೆ ಎದ್ದಿದ್ದಾನೆ ಎಂಬುದನ್ನು. ಮೂತ್ರಕ್ಕೆ, ಬಾಯಾರಿಕೆಗೆ, ಬೀಡಿ ಸಿಗದ ಚಡಪಡಿಕೆಗೆ ಎದ್ದವರೇ ಎಷ್ಟೋ ಮಂದಿ. ಇನ್ನೆರಡು ಕಾರಣಗಳು ಸುಲಭವಾಗಿ ಕಣ್ತಪ್ಪಿ ಹೋಗುತ್ತವೆ. ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಔಷಧಿ ಶುರುವಾದ ಮೇಲೆ ಕೂತಲ್ಲಿ ಕೂರಲಾಗದೆ, ನಿಂತಲ್ಲೂ ಕಾಲು ಬದಲಿಸುತ್ತ ಇದ್ದರೆ ಅದು ಅಕಥೀಸಿಯಾ, ಔಷಧಿಯದೇ ಅಡ್ಡಪರಿಣಾಮ. ಕಾಯಿಲೆ ಹೆಚ್ಚಿತೆಂದು ತಿಳಿದು ಅದೇ ಇಂಜೆಕ್ಷನ್ ಮತ್ತೆ ಕೊಟ್ಟರೆ ಚಡಪಡಿಕೆ ಇನ್ನೂ ಏರುತ್ತದೆ. ಎರಡನೆಯದು, ಕುಡಿತ ನಿಲ್ಲಿಸಿದವರಲ್ಲಿ ಎರಡು–ಮೂರನೇ ದಿನ ಕಾಣುವ ನಡುಕ, ಬೆವರು, ಇಲ್ಲದ್ದು ಕಾಣುವುದು. ಇವರಿಗೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ನಾಡಿ, ಬಿ.ಪಿ., ಜ್ವರ, ಶುಗರ್ ನೋಡಿ ಆಗಲೇ ಡ್ಯೂಟಿ ಡಾಕ್ಟರನ್ನು ಕರೆಯಬೇಕು. ಇಂಥವರನ್ನು ಕಟ್ಟಿ ಮಲಗಿಸಿ ಸುಮ್ಮನಾಗುವಷ್ಟು ದೊಡ್ಡ ತಪ್ಪು ಬೇರೊಂದಿಲ್ಲ.

ಮಾತಾಡಲು ಒಬ್ಬರೇ ಇರಲಿ. ಟಿ.ವಿ. ಆರಿಸಿ, ಸುತ್ತ ನೆರೆದವರನ್ನು ಕಳಿಸಿ, ಕೈಯಳತೆಗಿಂತ ದೂರ ನಿಂತು ಗಿಡ್ಡ ವಾಕ್ಯಗಳಲ್ಲಿ ಮಾತಾಡಿ. ರೋಗಿಯ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ ಅದು ಬರುವ ಆಯಾ, ಅಟೆಂಡರ್ ಯಾರಿದ್ದರೂ ಅವರೇ ಮಾತಾಡಲಿ. ನಮ್ಮ ಜಿಲ್ಲೆಗಳ ವಾರ್ಡುಗಳಲ್ಲಿ ಇದೊಂದರಿಂದಲೇ ಎಷ್ಟೋ ಗಲಾಟೆ ತಣ್ಣಗಾಗುತ್ತದೆ.

ಇಷ್ಟಾದರೂ ಕಟ್ಟಲೇಬೇಕಾಗಿ ಬಂದರೆ ಐದು ಜನ ಬೇಕು: ಕೈಕಾಲಿಗೆ ಒಬ್ಬೊಬ್ಬರು, ಮಾತಾಡುತ್ತ ಉಸಿರಾಟ ಗಮನಿಸಲು ತಲೆಯ ಬಳಿ ಒಬ್ಬರು. ಇಬ್ಬರೇ ಕೈಹಾಕಿದರೆ ಎಳೆದಾಟದಲ್ಲಿ ಭುಜ ಜಾರುತ್ತದೆ, ನಿಮಗೂ ಪೆಟ್ಟಾಗುತ್ತದೆ. ಹಾಗಾಗಿ ಪಕ್ಕದ ವಾರ್ಡು, ಸೆಕ್ಯುರಿಟಿಯಿಂದ ಜನ ಬರುವ ಏರ್ಪಾಡು ಮೊದಲೇ ಆಗಿರಲಿ. ಕವುಚಿ ಮಲಗಿಸಬೇಡಿ, ಎದೆ, ಕುತ್ತಿಗೆ, ಬೆನ್ನ ಮೇಲೆ ಭಾರ ಬೀಳಬಾರದು, ಉಸಿರುಗಟ್ಟಿ ಸಾವು ಸಂಭವಿಸುವುದು ಅಲ್ಲೇ. ತಲೆಯ ಕಡೆ ಮಂಚವನ್ನು ಸ್ವಲ್ಪ ಎತ್ತರಿಸಿ. ಮೆತ್ತೆಯಿರುವ ಪಟ್ಟಿಯನ್ನೇ ಬಳಸಿ. ಸೀರೆ, ಬೆಡ್‌ಶೀಟ್, ಡ್ರಿಪ್ ಟ್ಯೂಬ್ ಬೇಡ. ಪಟ್ಟಿಯೊಳಗೆ ಎರಡು ಬೆರಳು ತೂರಬೇಕು. ಕಟ್ಟುವುದು ಮಂಚದ ಚೌಕಟ್ಟಿಗೆ, ಪಕ್ಕದ ರೇಲಿಂಗಿಗಲ್ಲ. ರೇಲಿಂಗ್ ಇಳಿಸಿದರೆ ಕೈಯೂ ಜೊತೆಗೆ ಎಳೆದುಹೋಗುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ.

ಆಮೇಲೆ 15 ನಿಮಿಷಕ್ಕೊಮ್ಮೆ ಉಸಿರು, ಬೆರಳುಗಳ ಬಣ್ಣ, ಬಿಸಿ ನೋಡಿ ಬರೆಯಿರಿ. ಎರಡು ಗಂಟೆಗೊಮ್ಮೆ ಕೈಕಾಲುಗಳನ್ನು ಒಂದೊಂದಾಗಿ ಬಿಚ್ಚಿ ಆಡಿಸಿ, ನೀರು ಕೊಡಿ, ಮೂತ್ರಕ್ಕೆ ಅವಕಾಶ ಮಾಡಿಕೊಡಿ. ಶಾಂತಗೊಳಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಉಸಿರಾಟದ ಗತಿ, ಆಕ್ಸಿಜನ್ ಮಟ್ಟ, ಬಿ.ಪಿ. ಕೂಡ ಬೇಕು. ಒಲಾಂಜಪೈನ್ ಮತ್ತು ಲೊರಾಜೆಪಾಮ್ ಇಂಜೆಕ್ಷನ್‌ಗಳನ್ನು ಒಟ್ಟಿಗೆ ಕೊಡುವಂತಿಲ್ಲ, ಬಿ.ಪಿ. ಕುಸಿದು ಉಸಿರಾಟ ಕುಗ್ಗಬಹುದು.

ದಾಖಲೆಯಲ್ಲಿ ‘ರೋಗಿ ಉದ್ರೇಕಗೊಂಡಿದ್ದ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ಆತ ಮಾಡಿದ್ದೇನು, ಆಡಿದ ಮಾತು ತುಳುವಿನಲ್ಲಿದ್ದರೆ ಹಾಗೆಯೇ ಕನ್ನಡ ಲಿಪಿಯಲ್ಲಿ, ನೀವು ಮೊದಲು ಪ್ರಯತ್ನಿಸಿದ್ದೇನು, ಎಷ್ಟು ಗಂಟೆಗೆ ಯಾರಿಗೆ ಫೋನ್ ಮಾಡಿದಿರಿ, ಅವರು ಹೇಳಿದ್ದೇನು, ಕಟ್ಟಿದ್ದು, ಬಿಚ್ಚಿದ್ದು ಎಷ್ಟು ಗಂಟೆಗೆ ಎಂಬುದೆಲ್ಲ ಬೇಕು. ಬೆಳಗಿನ ಸಹಿಗೆಂದು ಜಾಗ ಖಾಲಿ ಬಿಡಬೇಡಿ. ಮೂವತ್ತು ಜನಕ್ಕೆ ಇಬ್ಬರೇ ಇದ್ದ ರಾತ್ರಿಗಳನ್ನೂ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ದಿನಾಂಕ ಸಹಿತ ಬರೆದುಕೊಟ್ಟು ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ಆಡಳಿತದವರು ಉತ್ತರ ಕೊಡಬೇಕಾಗಿಲ್ಲ.

ಪ್ರಶ್ನೆ: ನಾನು ವಸತಿ ಶಾಲೆಯ ನರ್ಸ್. ಐದನೇ ತರಗತಿ ಹುಡುಗನಿಗೆ ಫಿಟ್ಸ್ ಇದೆ. ಪೋಷಕರು ಮೂಗಿಗೆ ಹಾಕುವ ಮಿಡಜೋಲಾಮ್ ಸ್ಪ್ರೇ ಕೊಟ್ಟು ಹೋಗಿದ್ದಾರೆ. ಯಾವಾಗ, ಎಷ್ಟು ಹಾಕಬೇಕು?
– ಓದುಗರು, ಬ್ರಹ್ಮಾವರ

ಉತ್ತರ: ಬಾಟಲಿ ಮಾತ್ರ ಸಾಲದು. ವೈದ್ಯರ ಚೀಟಿ, ಪೋಷಕರ ಒಪ್ಪಿಗೆ ಪತ್ರ, ಮಗುವಿನ ತೂಕ, ಎಷ್ಟು ಪಫ್ ಎಂಬ ಸಂಖ್ಯೆ, ಇಷ್ಟೂ ಒಂದೇ ಹಾಳೆಯಲ್ಲಿರಬೇಕು. ಸಾಮಾನ್ಯ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.2 ಮಿ.ಗ್ರಾಂ. 25 ಕಿಲೋ ಮಗುವಿಗೆ 5 ಮಿ.ಗ್ರಾಂ. ಆದರೆ ಒಂದು ಪಫ್‌ನಲ್ಲಿ 0.5 ಮಿ.ಗ್ರಾಂ. ಬರುವ ಬಾಟಲಿಯೂ ಇದೆ, 1.25 ಮಿ.ಗ್ರಾಂ. ಬರುವುದೂ ಇದೆ. ಮೊದಲನೆಯದರಲ್ಲಿ ಹತ್ತು ಪಫ್, ಎರಡನೆಯದರಲ್ಲಿ ನಾಲ್ಕು. ಬಾಟಲಿ ಬದಲಾದಾಗ ಎಡವಟ್ಟಾಗುವುದು ಇಲ್ಲೇ. ಮಕ್ಕಳ ತೂಕ ಏರುತ್ತಲೇ ಇರುತ್ತದೆ, ಆದ್ದರಿಂದ ಜೂನ್‌ನಲ್ಲಿ ಶಾಲೆ ತೆರೆದ ವಾರವೇ ತೂಕ ನೋಡಿ ವೈದ್ಯರಿಂದ ಹೊಸ ಚೀಟಿ ತರಿಸಿ.

ಫಿಟ್ಸ್ ಶುರುವಾದ ಕೂಡಲೇ ಗಡಿಯಾರ ನೋಡಿ. ತಲೆಯಡಿ ಮೆತ್ತಗಿನದ್ದೇನಾದರೂ ಇಡಿ, ಟೈ, ಕಾಲರ್ ಸಡಿಲಿಸಿ, ಒಂದು ಮಗ್ಗುಲಿಗೆ ಹೊರಳಿಸಿ. ಕೈಗೆ ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತೂರಿಸುವುದು, ನೀರು ಕುಡಿಸುವುದು ಬೇಡ. ಹಲ್ಲು ಮುರಿಯುತ್ತದೆ, ನೀರು ಶ್ವಾಸಕೋಶ ಸೇರುತ್ತದೆ. ಸಾಮಾನ್ಯವಾಗಿ 5 ನಿಮಿಷ ದಾಟಿದರೆ ಸ್ಪ್ರೇ. ಹೊಸ ಬಾಟಲಿಯಾದರೆ ಸಣ್ಣ ಮಂಜಿನಂತೆ ಹೊರಬರುವವರೆಗೆ ಗಾಳಿಯಲ್ಲಿ ಒತ್ತಿ, ನಂತರ ಪಫ್‌ಗಳನ್ನು ಎರಡೂ ಹೊಳ್ಳೆಗೆ ಸಮ ಹಂಚಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆಮಾಡಲಿ. ಔಷಧಿಯ ಬಳಿಕ ಉಸಿರು ನಿಧಾನವಾಗಬಹುದು, ಆಂಬುಲೆನ್ಸ್ ಬರುವವರೆಗೆ ಮಗುವಿನ ಪಕ್ಕದಿಂದ ಏಳಬೇಡಿ.

ಹಾಸ್ಟೆಲಿನಲ್ಲಿ ಫಿಟ್ಸ್ ರಾತ್ರಿ, ನಸುಕಿನಲ್ಲೂ ಬರುತ್ತದೆ, ನಿಮ್ಮ ಕೋಣೆಯ ಬೀಗ ಹಾಕಿರುವ ಹೊತ್ತಿನಲ್ಲಿ. ಇನ್ನೊಂದು ಸ್ಪ್ರೇ ಮತ್ತು ಅದೇ ಹಾಳೆಯ ಪ್ರತಿ ವಾರ್ಡನ್ ಬಳಿ ಇರಲಿ. ಬಳಸುವುದನ್ನೂ ಅವರಿಗೆ ಕಲಿಸಿ.

ಪ್ರಶ್ನೆ: ಸೋಮವಾರದ ಕಬ್ಬಿಣದ ಮಾತ್ರೆ ತಿಂದ ಮಕ್ಕಳು ವಾಂತಿ ಮಾಡುತ್ತಾರೆ, ಮಲ ಕಪ್ಪಾಯಿತೆಂದು ತಾಯಂದಿರು ದೂರುತ್ತಾರೆ.
– ಓದುಗರು, ಕಾಪು

ಉತ್ತರ: ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ವಾಂತಿಗೆ ಹೆಚ್ಚಾಗಿ ಖಾಲಿಹೊಟ್ಟೆಯೇ ಕಾರಣ. ಬಿಸಿಯೂಟ ಮುಗಿದ ಮೇಲೆ ನಿಮ್ಮೆದುರೇ ನುಂಗಿಸಿ. ದೊಡ್ಡ ಮಕ್ಕಳ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣಾಂಶ, ಚಿಕ್ಕ ಮಕ್ಕಳ ಗುಲಾಬಿ ಮಾತ್ರೆಯಲ್ಲಿ 45. ಅದಲು ಬದಲಾಗದಿರಲಿ. ಜ್ವರ ಇರುವ ದಿನ ಬೇಡ.

ಪ್ರಶ್ನೆ: ಕೆಲಸಕ್ಕೆ ಸೇರುವಾಗ ಖಾಸಗಿ ಆಸ್ಪತ್ರೆಯವರು ಮೂಲ ಸರ್ಟಿಫಿಕೇಟ್ ಇಟ್ಟುಕೊಂಡರು. ಸಂಬಳವೂ ಕಡಿಮೆ. ಏನಾದರೂ ನಿಯಮ ಇದೆಯೇ?
– ಓದುಗರು, ಉಡುಪಿ

ಉತ್ತರ: ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಹೀಗೆ ಶಿಫಾರಸು ಮಾಡಿದೆ: 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 100 ದಾಟಿದ್ದರೆ ಆ ಸಂಬಳಕ್ಕಿಂತ ಕಡಿತ ಶೇ. 10 ದಾಟಬಾರದು, 50ರಿಂದ 100ರೊಳಗೆ ಕಡಿತ ಶೇ. 25 ದಾಟಬಾರದು; 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ ಕನಿಷ್ಠ 20,000 ರೂಪಾಯಿ. ಇದು ಶಿಫಾರಸು ಮಾತ್ರ, ತಾನಾಗಿ ಜಾರಿಯಾಗುವ ಕಾನೂನಲ್ಲ. ಆದರೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ ಕಾರ್ಮಿಕ ಅಧಿಕಾರಿಗೆ ದೂರು ಕೊಡಬಹುದು. ಸಂಬಳದ ಚೀಟಿ, ಡ್ಯೂಟಿ ಪಟ್ಟಿಯ ಫೋಟೊ, ಬ್ಯಾಂಕ್ ಪಾಸ್‌ಬುಕ್ ಜೋಡಿಸಿಟ್ಟುಕೊಳ್ಳಿ.

ಸರ್ಟಿಫಿಕೇಟ್ ನಿಮ್ಮದು. ಪರಿಶೀಲಿಸಿ ಮರಳಿಸುವುದು ಸರಿಯಾದ ಕ್ರಮ. ಯಾವ್ಯಾವುದನ್ನು ಕೊಟ್ಟಿದ್ದೀರಿ ಎಂಬ ಪಟ್ಟಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ಕೊಡದಿದ್ದರೆ ಅದೇ ಪಟ್ಟಿ ಬರೆದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ವಾಪಸ್ ಕೇಳಿ. ಜಗಳವಾಡಿ ರಾಜೀನಾಮೆ ಕೊಡುವ ಮೊದಲೇ ಈ ಪತ್ರ ಹೋಗಬೇಕು. ಬಿಟ್ಟು ಬಂದ ಮೇಲೆ ಅನುಭವ ಪತ್ರವನ್ನೂ ಹಿಡಿದಿಟ್ಟುಕೊಂಡು ಚೌಕಾಸಿಗೆ ಇಳಿಯುವ ಕಡೆಗಳಿವೆ.