ಹಳೇ ಎಂಜಿಬಿ ಕಾರಿಗೆ ಪೆಟ್ರೋಲ್ ಫಿಲ್ಟರ್ ಎಲ್ಲಿ ಹಾಕಬೇಕು?

ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು ಎಂಜಿಬಿಯ ಟ್ಯಾಂಕ್ ಒಳಗೆ ತುಕ್ಕು, ಇಂಜಿನ್ನಿಗೆ ಪೆಟ್ರೋಲ್-ಗಾಳಿ ಬೆರೆಸಿ ಕೊಡುವ ಒಂದು ಎಸ್‌ಯು ಕಾರ್ಬುರೇಟರ್‌ನಿಂದ ಪೆಟ್ರೋಲ್ ಸುರಿಯುತ್ತಿದೆ, ಫಿಲ್ಟರ್ ಎಲ್ಲಿ ಹಾಕಲಿ ಅಂತ ಕೇಳಿದ್ದೀರಿ. ಪಂಪ್ ಮತ್ತು ಕಾರ್ಬುರೇಟರ್ ನಡುವೆ ಹಾಕಿ. ಎಂಜಿಬಿಯ ಎಲೆಕ್ಟ್ರಿಕ್ ಪಂಪ್ ಹಿಂದಿನ ಚಕ್ರದ ಹತ್ತಿರ ಇರುತ್ತದೆ. ಅದರ ಕೆಲಸ ತಳ್ಳುವುದು, ದೂರದಿಂದ ಎಳೆಯುವುದು ಅದಕ್ಕೆ ಕಷ್ಟ. ಪಂಪ್‌ಗೂ ಮೊದಲೇ ಸಣ್ಣ ಕಣ್ಣಿನ ಪೇಪರ್ ಫಿಲ್ಟರ್ ಹಾಕಿದರೆ, ಅದು ಸ್ವಲ್ಪ ಕಟ್ಟಿಕೊಂಡರೂ ಗಾಡಿ ಏರಿನಲ್ಲಿ ಉಸಿರುಗಟ್ಟಿದ ಹಾಗೆ ಆಡುತ್ತದೆ.

ದಾವಣಗೆರೆಯಲ್ಲಿ ಗೆಳೆಯನ ಕಾರಿನ ಫ್ಲೋಟ್ ಬೌಲ್ (ಕಾರ್ಬುರೇಟರಿನ ಪುಟ್ಟ ಪೆಟ್ರೋಲ್ ಬಟ್ಟಲು) ಬಿಚ್ಚಿದಾಗ ತಳದಲ್ಲಿ ಕುಂಕುಮ ಕಲಸಿದಂಥ ಕೆಸರು ಇತ್ತು. ಒಂದೇ ಒಂದು ತುಕ್ಕಿನ ಚೂರು, ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್‌ನಲ್ಲಿ ಸಿಕ್ಕಿದರೆ ಸಾಕು, ವಾಲ್ವ್ ಮುಚ್ಚುವುದಿಲ್ಲ, ಬೌಲ್ ತುಂಬಿ ಹೊರಗೆ ಸುರಿಯುತ್ತದೆ. ಕೆಳಗಡೆ ಬಿಸಿ ಎಕ್ಸಾಸ್ಟ್ ಬೇರೆ. ಹಾಗಾಗಿ ಸರಿ ಮಾಡುವ ತನಕ ಗಾಡಿ ಓಡಿಸಬೇಡಿ.

ಪಿ.ಬಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಕಾರ್ಬುರೇಟರ್ ಗಾಡಿಯ ಸಾದಾ ಫಿಲ್ಟರ್ ಸಾಕು, ಪೈಪಿನ ಅಳತೆ ಮಾತ್ರ ನೋಡಿಕೊಳ್ಳಿ. ಫಿಲ್ಟರ್ ಮೇಲಿನ ಬಾಣದ ಗುರುತು ಕಾರ್ಬುರೇಟರ್ ಕಡೆ ಇರಲಿ. ಪಾರದರ್ಶಕದ್ದಾದರೆ ಕಸ ಕಾಣುತ್ತದೆ, ಆದರೆ ಎಕ್ಸಾಸ್ಟ್‌ನಿಂದ ದೂರ ಕಟ್ಟಿ. ನನಗಂತೂ ಲೋಹದ್ದೇ ಇಷ್ಟ.

ಈಗಿನ ಇ20 ಪೆಟ್ರೋಲ್‌ನಲ್ಲಿ 20% ಎಥೆನಾಲ್ ಇದೆ ಅಲ್ವಾ, ಅದು ಹಳೇ ರಬ್ಬರ್ ತಿನ್ನುತ್ತದೆ, ನೀರನ್ನೂ ಹೀರುತ್ತದೆ. ಫಿಲ್ಟರ್ ಜೊತೆಗೆ ಎಥೆನಾಲ್ ತಡೆದುಕೊಳ್ಳುವ ಹೋಸ್ (ಪೆಟ್ರೋಲ್ ಪೈಪ್) ಹಾಕಿಸಿ. ಟ್ಯಾಂಕ್ ತೊಳೆಸದೆ ಸುಮ್ನೆ ಫಿಲ್ಟರ್ ಬದಲಿಸುತ್ತಾ ಕೂತರೆ ಜಾಸ್ತಿ ದಿನ ಬರುವುದಿಲ್ಲ.